‘ಸ್ಟಾಕ್ ಇಲ್ರಿ’ ಎನ್ನುವವರಿಗೆ ಒಂದು ಬಹಿರಂಗ ಪತ್ರ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪೇಟೆಗಳ ಬೀಜ-ಗೊಬ್ಬರದ ಅಂಗಡಿ ಮಾಲೀಕರಿಗೆ,



ನಮ್ಮ ನಿಮ್ಮ ನಡುವೆ ಕಾಗದ ಬರೆಯುವ ರೂಢಿ ಇಲ್ಲ. ಏನಿದ್ದರೂ ಕೌಂಟರಿನ ಆಚೆ ನೀವು, ಈಚೆ ನಾವು, ನಡುವೆ ಉದ್ರಿ ಖಾತೆ. ಆ ಖಾತೆ ತೆರೆದಿರುವಾಗ ಈ ಮಾತು ಆಡಲು ಬಾಯಿ ಬರುವುದಿಲ್ಲ. ಹಿಂಗಾರಿಗೆ ಮತ್ತೆ ಇದೇ ಅಂಗಡಿಯ ಮೆಟ್ಟಿಲು ಹತ್ತಬೇಕು ಎಂಬ ಲೆಕ್ಕ ಎಲ್ಲರ ತಲೆಯಲ್ಲೂ ಇರುತ್ತದೆ. ಅದಕ್ಕೇ ಇದನ್ನು ಬಹಿರಂಗವಾಗಿ, ಮೂರೂ ಪೇಟೆಯ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಮುದ್ರಿತ ದರಕ್ಕೇ ಚೀಲ ಕೊಟ್ಟು, ಕೇಳುವ ಮೊದಲೇ ಬಿಲ್ ಹರಿದು ಕೊಡುವವರೂ ನಿಮ್ಮಲ್ಲಿದ್ದೀರಿ. ನಿಮ್ಮ ಹೆಸರು ಇಲ್ಲಿ ಬರೆಯಬಹುದಿತ್ತು. ಬರೆದರೆ ಉಳಿದವರು ಯಾರೆಂದು ತಾನಾಗಿ ಗೊತ್ತಾಗುತ್ತದೆ, ಅದಕ್ಕೆ ಬಿಟ್ಟೆ.

ಮಾತು ಯೂರಿಯಾದ್ದು. ಬೇವು ಲೇಪಿತ 45 ಕೆ.ಜಿ. ಚೀಲ, ಮೇಲೆ ಅಚ್ಚಾಗಿರುವ ದರ 266 ರೂಪಾಯಿ 50 ಪೈಸೆ. 2025ರ ಜುಲೈನಲ್ಲಿ ಈ ಜಿಲ್ಲೆಯಲ್ಲಿ ಎಷ್ಟು ಜನರಿಗೆ ಆ ದರಕ್ಕೆ ಅದು ಸಿಕ್ಕಿತು ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಆ ವರ್ಷ ಮುಂಗಾರು ಅವಸರದಲ್ಲಿತ್ತು. ಮೇ 24ಕ್ಕೇ ಕೇರಳ ಮುಟ್ಟಿತು, ನಮ್ಮಲ್ಲೂ ಬಿತ್ತನೆ ಬೇಗ ಆಯಿತು, ಗೋವಿನಜೋಳ ಕಂಡಕಂಡಲ್ಲಿ ಎದ್ದಿತು. ಅತ್ತ ಚೀನಾ ತನ್ನ ಗೊಬ್ಬರದ ರಫ್ತನ್ನು ಬಿಗಿ ಹಿಡಿದಿತ್ತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೇಂದ್ರ ಸಚಿವ ಜೆ.ಪಿ. ನಡ್ಡಾ ಅವರಿಗೆ ಪತ್ರ ಬರೆದರು. ನಮಗೆ ಬರಬೇಕಾದಷ್ಟು ಬಂದಿಲ್ಲ ಎಂದು ಬೆಂಗಳೂರು, ಕೊಡಬೇಕಾದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದೇವೆ ಎಂದು ದಿಲ್ಲಿ. ಕೊಪ್ಪಳದಲ್ಲಿ ಒಬ್ಬ ರೈತ ಗೊಬ್ಬರ ಸಿಗದ ಸಿಟ್ಟಿಗೆ ಮಣ್ಣು ತಿಂದದ್ದನ್ನು ಇಡೀ ರಾಜ್ಯ ಮೊಬೈಲಿನಲ್ಲಿ ನೋಡಿತು.

ದಿಲ್ಲಿ-ಬೆಂಗಳೂರಿನ ಲೆಕ್ಕ ಅವರಿಗೇ ಇರಲಿ. ರೈಲಿನಿಂದ ಇಳಿದು, ಲಾರಿ ಹತ್ತಿ, ಜಿಲ್ಲೆಯೊಳಗೆ ಬಂದ ಮೇಲೂ ಆ ಚೀಲ ಒಂದಿಷ್ಟು ದಿನ ಎಲ್ಲೋ ಇರುತ್ತದಲ್ಲ, ನಾನು ಕೇಳುತ್ತಿರುವುದು ಅದನ್ನು.

ಅದೇ ಜುಲೈನಲ್ಲಿ ಒಂದು ಅಂಗಡಿಯ ಮುಂದೆ ಕಂಡದ್ದು. ಯಾವ ಊರು, ಯಾರ ಅಂಗಡಿ ಎಂದು ಹೇಳುವುದಿಲ್ಲ. ಎಪ್ಪತ್ತು ದಾಟಿದ ಅಜ್ಜ ಪಾಳಿಯಲ್ಲಿ ನಿಂತು ಕೌಂಟರ್ ಮುಟ್ಟಿದ. ಆಧಾರ್ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿತ್ತು. ಗೊಬ್ಬರ ಮಾರಾಟದ ಮಶಿನ್ ಮೇಲೆ ಹೆಬ್ಬೆಟ್ಟು ಒತ್ತಿದ, ಬರಲಿಲ್ಲ. ಧೋತರಕ್ಕೆ ಒರೆಸಿಕೊಂಡು ಮತ್ತೆ ಒತ್ತಿದ, ಬರಲಿಲ್ಲ. ಕುಂಟೆ-ಕುಡುಗೋಲು ಹಿಡಿದು ಸವೆದ ಬೆರಳು, ಗೆರೆ ಎಲ್ಲಿ ಉಳಿದಿರುತ್ತದೆ? ಅಂಗಡಿಯ ಹುಡುಗ ಬೇರೆ ಬೆರಳು ಇಡಿಸಿದ. ಕೊನೆಗೆ, ‘ಮಶಿನ್ ತಗೊಳವಲ್ದು ಅಜ್ಜಾ, ಮಗನ್ನ ಕಳಸು. ಹಂಗೂ ಸ್ಟಾಕ್ ಇಲ್ಲ, ಸೋಮವಾರ ನೋಡೂಣು’ ಎಂದ. ಅಜ್ಜ ಹೋಗಲಿಲ್ಲ, ಕಟ್ಟೆಯ ಮೇಲೆ ಕೂತ. ಮಧ್ಯಾಹ್ನ ಪಾಳಿ ಕರಗಿದ ಮೇಲೆ ಅದೇ ಹುಡುಗ ಹೊರಗೆ ಬಂದು ಮೆಲ್ಲಗೆ ಮಾತಾಡಿದ. ಎರಡು ಚೀಲ ಸಿಕ್ಕವು, ಒಂದಕ್ಕೆ 380 ರೂಪಾಯಿ. ಜೊತೆಗೆ ಅರ್ಧ ಲೀಟರಿನ ನ್ಯಾನೊ ಯೂರಿಯಾ ಬಾಟಲಿ ಕಡ್ಡಾಯ. ಅಜ್ಜನ ಮನೆಯಲ್ಲಿ ಪಂಪು ಇರಲಿಲ್ಲ. ಬಾಟಲಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಚೀಲಗಳನ್ನು ಯಾರದೋ ಟಂಟಂಗೆ ಹಾಕಿಸಿ ಹೋದ. ಬಿಲ್ ಕೊಡಲಿಲ್ಲ. ಅಜ್ಜ ಕೇಳಲೂ ಇಲ್ಲ.

ಮಶಿನ್ ತೆಗೆದುಕೊಳ್ಳದ ಹೆಬ್ಬೆಟ್ಟಿನವನಿಗೆ ಚೀಲ ಕೊಟ್ಟಾಯಿತಲ್ಲ, ಆ ಎರಡು ಚೀಲ ಮಶಿನ್ನಿನಲ್ಲಿ ಯಾರ ಹೆಬ್ಬೆಟ್ಟಿಗೆ ಮಾರಾಟವಾದವೋ! 2018ರಿಂದ ಈ ಮಶಿನ್ ಲೆಕ್ಕದ ಮೇಲೆಯೇ ಗೊಬ್ಬರದ ಕಂಪನಿಗೆ ಸಬ್ಸಿಡಿ ಹೋಗುವುದು. ಲೆಕ್ಕ ಚೊಕ್ಕವಾಗಿಯೇ ಇರುತ್ತದೆ ಬಿಡಿ.

ಈಗ ನಿಮ್ಮ ವಾದಕ್ಕೆ ಬರುತ್ತೇನೆ. ನಾನು ಕೇಳಿದ್ದು ಮೂರು. ಮೂರರಲ್ಲೂ ಹುರುಳಿದೆ, ಅದಕ್ಕೇ ಉತ್ತರಿಸುವುದು.

ಮೊದಲನೆಯದು ಲಾಭಾಂಶದ್ದು. ಯೂರಿಯಾ ಮಾರಿದರೆ ನಮಗೆ ಏನು ಉಳಿಯುತ್ತದೆ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 2018ರಲ್ಲಿ ಪರಿಷ್ಕರಿಸಿದ ಮೇಲೂ ಮಾರಾಟದ ಲಾಭಾಂಶ ಟನ್ನಿಗೆ 354 ರೂಪಾಯಿ, ಅಂದರೆ ಚೀಲಕ್ಕೆ ಹದಿನಾರೂ ಪೂರ್ತಿ ಇಲ್ಲ. ನೂರಕ್ಕೆ ಆರು. ಊರಿನ ಸರಕಿಗೆ ನೂರಕ್ಕೆ ಐದು ಲಾಭ ಸಾಕು ಎಂದ ಕೌಟಿಲ್ಯ ಇದನ್ನು ಧಾರಾಳ ಎನ್ನುತ್ತಿದ್ದನೇನೋ. ಆದರೆ ಅವನು ಹಮಾಲಿ, ಲಾರಿ ಬಾಡಿಗೆ, ಗೋದಾಮಿನ ಬಾಡಿಗೆ ಕೊಟ್ಟು ಅಂಗಡಿ ನಡೆಸಿದವನಲ್ಲ. ಕಂಪನಿಯವರು ಅಂಗಡಿ ಬಾಗಿಲಿಗೆ ಸರಕು ಮುಟ್ಟಿಸದೆ ಸಾಗಣೆಯ ಖರ್ಚು ನಿಮ್ಮ ತಲೆಗೆ ಕಟ್ಟುತ್ತಾರೆ ಎಂಬುದು ನಿಜ. ಹತ್ತು ಟನ್ ಯೂರಿಯಾ ಬೇಕಾದರೆ ಇಷ್ಟು ಪೆಟ್ಟಿಗೆ ಜಿಂಕ್, ಇಷ್ಟು ಬಾಟಲಿ ನ್ಯಾನೊ ಎತ್ತಲೇಬೇಕು ಎಂದು ನಿಮ್ಮ ಮೇಲೂ ಲಿಂಕ್ ಹಾಕುತ್ತಾರೆ ಎಂಬುದೂ ನಿಜ. ಇದನ್ನು ನಾವು ಒಪ್ಪುತ್ತೇವೆ. ಆದರೆ ಅಜ್ಜನ ಚೀಲದ ಮೇಲೆ ಬಿದ್ದದ್ದು 113 ರೂಪಾಯಿ 50 ಪೈಸೆ, ನಿಮ್ಮ ಲಾಭಾಂಶದ ಏಳು ಪಟ್ಟು. ಬಾಟಲಿಯ ಹಣ ಬೇರೆ. ಸಾಗಣೆಯ ಖರ್ಚು ಏಳು ಪಟ್ಟು ಆಗುವುದು ಯಾವ ರಸ್ತೆಯಲ್ಲಿ? ಕಂಪನಿ ನಿಮ್ಮ ಕುತ್ತಿಗೆಗೆ ಹಾಕಿದ ಹಗ್ಗವನ್ನು ಬಿಚ್ಚಿ ನಮ್ಮ ಕುತ್ತಿಗೆಗೆ ಹಾಕುತ್ತೀರಿ. ಕಂಪನಿಯ ಮುಂದೆ ಯಾಕೆ ಬಾಯಿ ಬಿಡುವುದಿಲ್ಲ ಎಂದರೆ, ನಾವು ನಿಮ್ಮ ಮುಂದೆ ಬಿಡುವುದಿಲ್ಲವಲ್ಲ, ಅದೇ ಕಾರಣಕ್ಕೆ.

ಎರಡನೆಯದು, ‘ಮಾಲು ಕಡಿಮೆ ಇದ್ದಾಗ ದರ ಏರೋದು ವ್ಯಾಪಾರದ ಧರ್ಮರೀ. ಹಬ್ಬಕ್ಕೆ ಹೂವಿನ ದರ ಏರಂಗಿಲ್ಲೇನು?’ ಇದು ನಿಮ್ಮದೊಬ್ಬರದೇ ಮಾತಲ್ಲ, ದೊಡ್ಡವರೂ ಹೇಳಿದ್ದಾರೆ. ಆಡಂ ಸ್ಮಿತ್ 1776ರಲ್ಲಿ ಧಾನ್ಯದ ವ್ಯಾಪಾರಿಗಳ ಪರ ವಕಾಲತ್ತು ಮಾಡುತ್ತ, ಕೂಡಿಡುವವರ ಬಗ್ಗೆ ಜನರಿಗಿರುವ ಭಯವನ್ನು ಮಾಟಗಾತಿಯರ ಭಯಕ್ಕೆ ಹೋಲಿಸಿದ್ದ. ಬರ ಬರುವ ಸೂಚನೆ ಕಂಡ ಕೂಡಲೇ ವ್ಯಾಪಾರಿ ದರ ಏರಿಸಿದರೆ ಜನ ಮೊದಲಿನಿಂದಲೇ ಹಿಡಿದು ತಿನ್ನುತ್ತಾರೆ, ಇದ್ದ ಕಾಳು ಸುಗ್ಗಿಯವರೆಗೆ ಮುಟ್ಟುತ್ತದೆ, ಏರಿದ ದರ ನೋಡಿ ಬೇರೆ ಕಡೆಯಿಂದಲೂ ಕಾಳು ಬರುತ್ತದೆ ಎಂಬುದು ಈ ವಾದದ ತಿರುಳು. ಈರುಳ್ಳಿಗೆ, ಬೆಲ್ಲಕ್ಕೆ, ಹೂವಿಗೆ ಇದನ್ನು ನಾನೂ ಒಪ್ಪುತ್ತೇನೆ.

ಯೂರಿಯಾಕ್ಕೆ ಒಪ್ಪುವುದಿಲ್ಲ. ಯಾಕೆಂದರೆ ರಾಣೆಬೆನ್ನೂರಿನ ಅಂಗಡಿಯಲ್ಲಿ ದರ 266ರಿಂದ 400ಕ್ಕೆ ಏರಿದರೆ, ಅದನ್ನು ನೋಡಿ ಒಂದು ಚೀಲವೂ ಹೆಚ್ಚಿಗೆ ಬರುವುದಿಲ್ಲ. ಯಾವ ರಾಜ್ಯಕ್ಕೆ ಎಷ್ಟು ಎಂದು ಹಂಗಾಮಿಗೆ ಮೊದಲೇ ದಿಲ್ಲಿಯಲ್ಲಿ ಗೊತ್ತಾಗಿರುತ್ತದೆ. ನಿಮ್ಮ ಏರಿದ ದರದ ಸುದ್ದಿ ಕಾರ್ಖಾನೆಯನ್ನು ಮುಟ್ಟುವುದಿಲ್ಲ, ಹಡಗನ್ನು ತಿರುಗಿಸುವುದಿಲ್ಲ. ಇನ್ನು ಈ ಚೀಲದ ನಿಜವಾದ ಖರ್ಚು ಅಚ್ಚಾದ ದರದ ಹಲವು ಪಟ್ಟು. ಆ ವ್ಯತ್ಯಾಸವನ್ನು ಸಬ್ಸಿಡಿಯಾಗಿ ಕೊಟ್ಟಾಗಿದೆ, ದೇಶದ ಜನರ ತೆರಿಗೆಯಿಂದ, ಅಜ್ಜ ಕೊಂಡ ಬೀಡಿಕಟ್ಟಿನ ಮೇಲಿನ ತೆರಿಗೆಯೂ ಸೇರಿ. ಹೂವಿನ ವ್ಯಾಪಾರಿ ಮಾರುವುದು ತನ್ನ ಹೂವು. ನೀವು ಮಾರುತ್ತಿರುವುದರ ಬಹುಪಾಲನ್ನು ಸರ್ಕಾರ ನಮ್ಮ ಹೆಸರಿನಲ್ಲಿ ಈಗಾಗಲೇ ಕೊಂಡಿಟ್ಟಿದೆ.

ದರ ಏರಿದರೆ ಹಿಡಿದು ಬಳಸುತ್ತಾರೆ ಎಂಬ ಮಾತಾದರೂ ನಿಲ್ಲುತ್ತದೆಯೇ? ಇಲ್ಲಿ ಗೋವಿನಜೋಳದ ಕಾಲಮಾನ ನೋಡಬೇಕು. ಬಿತ್ತಿದ ತಿಂಗಳೊಪ್ಪತ್ತಿಗೆ, ಬೆಳೆ ಮೊಣಕಾಲೆತ್ತರ ಬಂದಾಗ ಒಮ್ಮೆ, ಸೂಲಂಗಿ ಒಡೆಯುವ ಹೊತ್ತಿಗೆ ಇನ್ನೊಮ್ಮೆ ಮೇಲುಗೊಬ್ಬರ. ಅದೂ ಮಳೆ ಬಿದ್ದು ನೆಲ ಹದ ಇರುವ ಮೂರು-ನಾಲ್ಕು ದಿನದೊಳಗೆ. ಆ ಹದ ಆರಿದ ಮೇಲೆ ನೀವು ಚೀಲವನ್ನು ಪುಕ್ಕಟೆ ಕೊಟ್ಟರೂ ಅದರಿಂದ ತೆನೆ ತುಂಬುವುದಿಲ್ಲ. ಹಸಿದವನು ಅರ್ಧ ರೊಟ್ಟಿ ತಿಂದು ನಾಳೆಯವರೆಗೆ ತಡೆದಾನು. ಬೆಳೆ ತಡೆಯುವುದಿಲ್ಲ. ಹಾಗಾಗಿ ‘ಸೋಮವಾರ ಬರ್ರಿ’ ಎಂಬ ಮಾತಿಗೆ ನಿಮ್ಮ ಅಂಗಡಿಯಲ್ಲಿ ಒಂದು ಅರ್ಥ, ನಮ್ಮ ಹೊಲದಲ್ಲಿ ಬೇರೆಯೇ ಅರ್ಥ. ಮುನ್ನೂರೆಂಬತ್ತು ಕೊಟ್ಟವನು ಒಪ್ಪಿ ಕೊಟ್ಟ ಎನ್ನುತ್ತೀರಿ. ಅವನಿಗೆ ಕಾಯಲು ಆಗುವುದಿಲ್ಲ ಎಂಬುದು ನಿಮಗೆ ಗೊತ್ತಿತ್ತು, ಎಷ್ಟು ದಿನದೊಳಗೆ ಎಂಬುದೂ ಗೊತ್ತಿತ್ತು, ನೀವೂ ಒಕ್ಕಲುತನದ ಮನೆಯಿಂದಲೇ ಬಂದವರು. ನನ್ನ ತಕರಾರು ಮುಖ್ಯವಾಗಿ ಇದೇ. ಹೆಚ್ಚಿನ ದರಕ್ಕಿಂತ, ಇನ್ನೊಬ್ಬ ಕಾಯಲಾರ ಎಂಬುದನ್ನು ಲೆಕ್ಕ ಹಾಕಿ ಇಟ್ಟ ದರ ಕೆಟ್ಟದ್ದು.

ಹಾಗಾದರೆ ಕೂಡಿಡುವುದೆಲ್ಲ ತಪ್ಪೇ ಎಂದು ಬ್ಯಾಡಗಿಯವರು ಕೇಳಬಹುದು, ಅವರ ಊರಿನ ಸುತ್ತ ಶೀತಲಗೃಹಗಳ ಸಾಲೇ ಇದೆ. ತಪ್ಪಲ್ಲ. ಮೆಣಸಿನಕಾಯಿ ಇಡುವುದಕ್ಕೂ ಯೂರಿಯಾ ಬಚ್ಚಿಡುವುದಕ್ಕೂ ಬಹಳ ಅಂತರವಿದೆ. ಬ್ಯಾಡಗಿಯಲ್ಲಿ ಕಡ್ಡಿ, ಡಬ್ಬಿ ತಳಿಯ ಕಾಯಿಗಳು ಟೆಂಡರಿಗೆ ಬರುತ್ತವೆ, ಎಷ್ಟು ಚೀಲ ಬಂತು, ಯಾವ ದರಕ್ಕೆ ಹೋಯಿತು ಎಂದು ಅಂದೇ ಸಂಜೆ ಎಲ್ಲರಿಗೂ ಗೊತ್ತಾಗುತ್ತದೆ. ಸುಗ್ಗಿಯಲ್ಲಿ ಬಂದದ್ದನ್ನು ತಂಪಿನಲ್ಲಿಟ್ಟು ಮಳೆಗಾಲದಲ್ಲಿ ಮಾರಿದರೆ ವರ್ಷವಿಡೀ ಕಾಯಿ ಸಿಗುತ್ತದೆ, ಬಣ್ಣವೂ ಉಳಿಯುತ್ತದೆ. ಇಟ್ಟುಕೊಂಡವನು ದರ ಬಿದ್ದರೆ ತಾನೂ ನಷ್ಟ ಉಣ್ಣುತ್ತಾನೆ. ಯೂರಿಯಾ ಬಚ್ಚಿಟ್ಟವನಿಗೆ ಅಂಥ ನಷ್ಟದ ಭಯವೇ ಇಲ್ಲ, ಅಚ್ಚಾದ ದರ ಕೆಳಗೆ ಬೀಳುವುದಿಲ್ಲವಲ್ಲ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತಿ ವರ್ಷಗಟ್ಟಲೆ ಇಡುತ್ತಿದ್ದರು, ಯಾರ ಹಗೇವು ಎಲ್ಲಿದೆ ಎಂದು ಓಣಿಗೆಲ್ಲ ತಿಳಿದಿರುತ್ತಿತ್ತು. ಕನಕದಾಸರ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನಲ್ಲೇ ಇದೆ. ಅವರ ರಾಮಧಾನ್ಯ ಚರಿತೆಯಲ್ಲಿ ರಾಮ ರಾಗಿಯನ್ನೂ ಭತ್ತವನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ, ಕೆಡದೆ ಉಳಿದ ರಾಗಿ ಗೆಲ್ಲುತ್ತದೆ. ಇಟ್ಟು ಉಣ್ಣುವುದಕ್ಕೆ ಇಷ್ಟು ಮರ್ಯಾದೆ ಕೊಟ್ಟ ಸೀಮೆಯಲ್ಲಿ ನಿಂತು ಕೂಡಿಡುವುದೇ ಪಾಪ ಎಂದು ನಾನು ಯಾಕೆ ಹೇಳಲಿ?

ಆದರೆ ಬ್ಯಾಡಗಿಯದೂ ಪೂರ್ತಿ ಸುಂದರ ಕತೆಯಲ್ಲ. 2024ರ ಮಾರ್ಚ್ 11ರಂದು ದರ ಕುಸಿದ ಸಿಟ್ಟಿಗೆ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಸುಟ್ಟದ್ದನ್ನು ನಾನು ಸಮರ್ಥಿಸುವುದಿಲ್ಲ. ಅಂದು ಕೊರತೆ ಇರಲಿಲ್ಲ, ಅತಿಯಾಗಿತ್ತು. ಆದರೂ ಸೋತವನು ಕಾಯಲಾಗದವನೇ. ದರ ಬಂದಾಗ ಮಾರೋಣ ಎಂದು ಕಾಯಿಯನ್ನು ತಂಪಿನಲ್ಲಿಡಬಲ್ಲವನು ಅಂದು ಮನೆಯಲ್ಲಿದ್ದ. ಸಾಲದ ಕಂತು, ಲಾರಿ ಬಾಡಿಗೆ ತಲೆಯ ಮೇಲಿದ್ದವನು ಮಾರುಕಟ್ಟೆಯ ಅಂಗಳದಲ್ಲಿದ್ದ. ಗೋವಿನಜೋಳದಲ್ಲೂ ಅದೇ ಆಯಿತು. 2025ರ ಹಂಗಾಮಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಎಂದು ಘೋಷಣೆಯಾಗಿತ್ತು. ನವೆಂಬರಿನಲ್ಲಿ ನಮ್ಮ ಪೇಟೆಯಲ್ಲಿ ಎರಡು ಸಾವಿರವೂ ಮುಟ್ಟದೆ ರೈತರು ರಸ್ತೆಗೆ ಇಳಿದರು. ಜುಲೈನಲ್ಲಿ ಅಚ್ಚಾದ ದರಕ್ಕಿಂತ ಹೆಚ್ಚು ಕೊಟ್ಟು ಕೊಂಡವನೇ ನವೆಂಬರಿನಲ್ಲಿ ಘೋಷಿಸಿದ ದರಕ್ಕಿಂತ ಕಡಿಮೆಗೆ ಮಾರಿದ. ಎರಡೂ ಸಲ ಕೌಂಟರಿನ ಆಚೆ ಕೂತವರು ಒಬ್ಬರೇ ಆಗಿದ್ದ ಅಂಗಡಿಗಳು ಎಷ್ಟಿವೆ ಎಂದು ನೀವೇ ಎಣಿಸಿ. ಗೊಬ್ಬರ ಉದ್ರಿ ಕೊಟ್ಟು, ಮಾಲು ತಾವೇ ಹಿಡಿದು, ಬಡ್ಡಿ ಮುರಿದುಕೊಂಡು ಉಳಿದದ್ದು ಕೊಡುವುದು ಈ ಸೀಮೆಯಲ್ಲಿ ಗುಟ್ಟಿನ ಸಂಗತಿಯೇನಲ್ಲ.

ಮೂರನೆಯ ವಾದ, ರೈತರೂ ಕೂಡಿಡುತ್ತಾರೆ ಎಂಬುದು. ಹೌದು, ಇಡುತ್ತಾರೆ. ಎರಡು ಚೀಲ ಬೇಕಾದವನು ನಾಲ್ಕು ಒಯ್ಯುತ್ತಾನೆ, ಎರಡನೇ ಸಲಕ್ಕೆ ಸಿಗುತ್ತದೋ ಇಲ್ಲವೋ ಎಂದು. ಬೇಕಾದ್ದಕ್ಕಿಂತ ಹೆಚ್ಚು ಹಾಕುವ ಚಟವೂ ನಮ್ಮಲ್ಲಿದೆ, ಎಲೆ ಕಪ್ಪಗೆ ಹಸಿರಾದರೆ ನಮಗೆ ಸಮಾಧಾನ. ಕೃಷಿ ಇಲಾಖೆಯವರು ಬೈಯುವುದರಲ್ಲಿ ತಪ್ಪಿಲ್ಲ. ಆದರೆ ದೊಡ್ಡ ಹಿಡುವಳಿಯವನು ಟ್ರ್ಯಾಕ್ಟರ್ ತಂದು ಮೂವತ್ತು ಚೀಲ ಹೇರಿಕೊಂಡು ಹೋದದ್ದನ್ನು ಕಂಡ ಮೇಲೆಯೇ ಎರಡೆಕರೆಯವನಿಗೆ ನಾಲ್ಕು ಚೀಲದ ಆಸೆ ಹುಟ್ಟುವುದು. ಆ ಟ್ರ್ಯಾಕ್ಟರಿಗೆ ಹೇರಿಸಿದವರು ಯಾರು?

ಇದನ್ನು ಬರೀ ಹಣದ ಮಾತು ಎಂದುಕೊಳ್ಳಬೇಡಿ. ಹಾವೇರಿಯಲ್ಲಿ ಇದು ಹಾಗೆ ಉಳಿದಿಲ್ಲ. 2008ರ ಮೇ 30ರಂದು ಬಿ.ಎಸ್. ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ರೈತರ ಹೆಸರಿನಲ್ಲಿ ಪ್ರಮಾಣವಚನ ತೆಗೆದುಕೊಂಡರು. ಎರಡು ವಾರ ತುಂಬುವ ಮೊದಲೇ, ಜೂನ್ 10ರಂದು, ಗೊಬ್ಬರ ಕೇಳಿ ಹಾವೇರಿಯ ಬೀದಿಗೆ ಬಂದಿದ್ದ ರೈತರ ಮೇಲೆ ಪೊಲೀಸರ ಗುಂಡು ಹಾರಿತು. ಸಿದ್ದಲಿಂಗಪ್ಪ ಚೂರಿ, ಪುಟ್ಟಪ್ಪ ಹೊನ್ನತ್ತಿ ಜೀವ ಕಳೆದುಕೊಂಡರು. ಆ ವರ್ಷ ಲೋಕದ ಪೇಟೆಯಲ್ಲೇ ಡಿಎಪಿ ದರ ಹಿಂದೆಂದೂ ಕಾಣದ ಎತ್ತರಕ್ಕೆ ಹೋಗಿತ್ತು. ಸರ್ಕಾರ ಮುಂಚಿತವಾಗಿ ಬೇಕಾದಷ್ಟು ದಾಸ್ತಾನು ಮಾಡಿಕೊಂಡಿರಲಿಲ್ಲ. ಗುಂಡು ಹಾರಿಸಿದವರು ನೀವಲ್ಲ, ಆ ಕೊರತೆ ಹುಟ್ಟಿಸಿದವರೂ ನೀವಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಅಂಗಡಿಯಲ್ಲಿ ಎಷ್ಟಿದೆ ಎಂದು ಜನರಿಗೆ ಗೊತ್ತಿದ್ದರೆ ಪಾಳಿ ಪಾಳಿಯಾಗಿಯೇ ಉಳಿಯುತ್ತದೆ. ಒಳಗೆ ಇದ್ದೂ ಇಲ್ಲ ಎನ್ನುತ್ತಿದ್ದಾರೆ ಎಂಬ ಗುಮಾನಿ ಬಂದ ಗಳಿಗೆಯಲ್ಲಿ ಅದು ಗುಂಪಾಗುತ್ತದೆ. ಪ್ರತಿ ವರ್ಷ ಜೂನ್ 10ಕ್ಕೆ ರೈತ ಸಂಘದವರು ಆ ಇಬ್ಬರಿಗೆ ನಮಿಸುತ್ತಾರೆ, ಭಾಷಣಗಳಾಗುತ್ತವೆ. ಅದೇ ವಾರ ಪೇಟೆಯಲ್ಲಿ ಬಾಗಿಲು ಅರ್ಧ ಎಳೆದ ಅಂಗಡಿಗಳೂ ಇರುತ್ತವೆ.

ಈಗ ಬಿಲ್ಲಿನ ವಿಷಯ. ನನಗೆ ಇದು ಎಲ್ಲಕ್ಕಿಂತ ದೊಡ್ಡದು. 2012ರ ಮುಂಗಾರಿನಲ್ಲಿ ಈ ಜಿಲ್ಲೆಯಲ್ಲಿ ಗೊಬ್ಬರಕ್ಕಿಂತ ಹೆಚ್ಚು ಹಾಹಾಕಾರ ಎದ್ದದ್ದು ‘ಕನಕ’ ಎಂಬ ಬಿಟಿ ಹತ್ತಿ ಬೀಜಕ್ಕೆ. 450 ಗ್ರಾಂ ಪೊಟ್ಟಣಕ್ಕೆ ಜನ ಪಾಳಿ ಹಚ್ಚಿದರು, ಕಾಳಸಂತೆಯಲ್ಲಿ ಕೇಳಿದಷ್ಟು ಕೊಟ್ಟರು. ಮರುವರ್ಷ ಉತ್ತರ ಕರ್ನಾಟಕದ ಹಲವು ಕಡೆ ಅದೇ ಕಂಪನಿಯ ಹತ್ತಿ ಕಾಯಿ ಕಟ್ಟಲಿಲ್ಲ. 2014ರಲ್ಲಿ ರಾಜ್ಯ ಸರ್ಕಾರ ಆ ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಿತು. ಪರಿಹಾರ ಕೇಳಲು ಹೋದವನಿಗೆ ಮೊದಲ ಪ್ರಶ್ನೆ, ಬಿಲ್ ಎಲ್ಲಿ? ಹೆಚ್ಚಿನ ದರಕ್ಕೆ ಮಾರಿದವನು ಬಿಲ್ ಕೊಡುವುದಿಲ್ಲ, ಕೊಟ್ಟರೂ ಅದರಲ್ಲಿ ಕೊಟ್ಟ ಹಣ ಇರುವುದಿಲ್ಲ. ಹೀಗೆ ಆ ನೂರು-ಇನ್ನೂರು ರೂಪಾಯಿಯ ಜೊತೆಗೆ ಒಬ್ಬ ರೈತ ನಾಳೆ ನ್ಯಾಯ ಕೇಳುವ ದಾರಿಯೂ ಹೋಗುತ್ತದೆ. ನಿಮ್ಮ ಗಲ್ಲೆಗೆ ಬಿದ್ದದ್ದು ನೂರು, ಅವನು ಕಳೆದುಕೊಂಡದ್ದು ಎಕರೆಯ ಬೆಳೆ.

ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ದಾಸ್ತಾನು ಮತ್ತು ದರದ ಫಲಕ ಎದ್ದು ಕಾಣುವಂತೆ ಹಾಕಬೇಕು, ಕೊಂಡವನಿಗೆ ಬಿಲ್ ಕೊಡಬೇಕು, ನಿಗದಿ ದರ ಮೀರುವಂತಿಲ್ಲ. ಅದರ ಹಿಂದೆ ಇರುವುದು 1955ರ ಅಗತ್ಯ ವಸ್ತುಗಳ ಕಾಯ್ದೆ, ಏಳು ವರ್ಷದವರೆಗೂ ಜೈಲು. ಫಲಕ ಹೆಚ್ಚಿನ ಅಂಗಡಿಯಲ್ಲಿ ಇದ್ದೇ ಇದೆ. ಅದರ ಮೇಲೆ ಸೀಮೆಸುಣ್ಣದ ಅಂಕಿ ಮಾತ್ರ ಹೋದ ಹಂಗಾಮಿನದು. ಇನ್‌ಸ್ಪೆಕ್ಟರ್ ಬರುವ ಸುದ್ದಿ ಇನ್‌ಸ್ಪೆಕ್ಟರ್‌ಗಿಂತ ಮೊದಲು ಬರುತ್ತದೆ, ಆಗ ಅಂಕಿ ಬದಲಾಗುತ್ತದೆ. ಹಾಗಾಗಿ ಕಾಯ್ದೆ ತೋರಿಸಿ ಹೆದರಿಸುವ ಉದ್ದೇಶ ನನಗಿಲ್ಲ, ಯಾರೂ ಹೆದರುವುದೂ ಇಲ್ಲ.

ನಾನು ಕೇಳುವುದು ಇಷ್ಟೇ. ಬರುವ ಹಂಗಾಮಿನಲ್ಲಿ, ಲಾರಿ ಬಂದ ದಿನ ಎಷ್ಟು ಚೀಲ ಇಳಿಯಿತು ಎಂದು ಬರೆದು, ಫಲಕದ ಫೋಟೊವನ್ನು ಊರೂರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮುಗಿದಿದ್ದರೆ ಮುಗಿದಿದೆ ಎಂದು ಬರೆಯಿರಿ, ಯಾರೂ ಬಸ್ ಚಾರ್ಜು ಹಾಕಿಕೊಂಡು ಬರುವುದಿಲ್ಲ. ಎರಡು-ಮೂರು ಎಕರೆಯವರಿಗೆ ಮೊದಲ ಪಾಳಿ ಕೊಡಿ. ಯಾರಿಗೆ ಎಷ್ಟು ಜಮೀನು ಎಂಬುದು ರೈತರ ಗುರುತಿನ ಎಫ್‌ಐಡಿ ನಂಬರಿನಲ್ಲೇ ಸಿಗುತ್ತದೆ. ಹೆಬ್ಬೆಟ್ಟು ಬಾರದ ಮುದುಕರಿಗೆ ಒಟಿಪಿಯೋ ಮತ್ತೊಂದೋ, ಅದನ್ನು ಮಾಡಿಕೊಡಲು ಹುಡುಗನಿಗೆ ಐದು ನಿಮಿಷ ಬೇಕು. ಬೇಡವೆಂದವನಿಗೆ ಬಾಟಲಿ ಕಟ್ಟಬೇಡಿ. ನ್ಯಾನೊ ಯೂರಿಯಾ ಒಳ್ಳೆಯದೇ ಆಗಿದ್ದರೆ ಅದರ ಗುಣ ಹೇಳಿ ಮಾರಿ, ಲಿಂಕ್ ಹಾಕಿ ಮಾರುವ ಗತಿ ಯಾಕೆ ಬಂತು?

ಲಿಂಕ್ ನಿಲ್ಲಬೇಕಾದರೆ ಕಂಪನಿಯವರ ಹತ್ತಿರವೇ ನಿಲ್ಲಬೇಕು ಎಂದು ನೀವು ಹೇಳುವುದು ಸರಿ. ಮೂರೂ ಪೇಟೆಯ ನಿಮ್ಮ ಸಂಘಗಳು ಒಟ್ಟಾಗಿ, ಲಿಂಕ್ ಹಾಕಿದ ಲೋಡನ್ನು ಇಳಿಸಿಕೊಳ್ಳುವುದಿಲ್ಲ, ಸಾಗಣೆ ಖರ್ಚು ಕಂಪನಿಯದೇ, ಲಾಭಾಂಶ ಇಂದಿನ ಖರ್ಚಿಗೆ ತಕ್ಕಂತೆ ಏರಬೇಕು ಎಂದು ಜಿಲ್ಲಾಧಿಕಾರಿ ಕಚೇರಿಗೆ ಮನವಿ ಕೊಡುವುದಾದರೆ ನಮಗೂ ಒಂದು ಮಾತು ತಿಳಿಸಿ. ನಿಮ್ಮ ಹಿಂದೆ ನಿಲ್ಲಲು ನಾವು ಬರುತ್ತೇವೆ, ಟೆಂಪೊ ಬಾಡಿಗೆ ನಮ್ಮದೇ. ಬರುವಾಗ 2025ರ ಜುಲೈ ತಿಂಗಳ ಬಿಲ್ ಬುಕ್ಕುಗಳನ್ನು ತನ್ನಿ. ಕೊಟ್ಟ ಬಿಲ್ ಎಷ್ಟು, ಕೊಡದವು ಎಷ್ಟು ಎಂದು ಅಲ್ಲೇ ಕೂತು ನೋಡೋಣ. ಹೆಚ್ಚಿಗೆ ತೆಗೆದುಕೊಂಡದ್ದನ್ನು ವಾಪಸ್ ಕೊಡಿ ಎನ್ನುವುದಿಲ್ಲ. ಹೇಗೂ ನಮ್ಮ ಉದ್ರಿ ಇನ್ನೂ ನಿಮ್ಮ ಖಾತೆಯಲ್ಲಿದೆಯಲ್ಲ, ಅದರಲ್ಲಿ ಮುರಿದುಕೊಳ್ಳಿ.

ಇಂತಿ,
ರಾಣೆಬೆನ್ನೂರು ತಾಲ್ಲೂಕಿನ ಒಬ್ಬ ಗೋವಿನಜೋಳದ ಬೆಳೆಗಾರ